ಹಿಂದಿನ ಸೀಟಿನ ಸಂಧಾನ

ಅಂಬರೀಶನ ಮೋಟಾರ್‌ಸೈಕಲ್ಲಿಗೆ ಎರಡು ವರ್ಷ ತುಂಬಿತ್ತು. ಆ ಎರಡು ವರ್ಷದಲ್ಲಿ ಅದು ಡೊಂಬಿವಲಿಯಿಂದ ಐರೋಳಿಯ ಆಫೀಸಿಗೆ, ಐರೋಳಿಯಿಂದ ಡೊಂಬಿವಲಿಗೆ ಓಡಿದ್ದು ಬಿಟ್ಟರೆ ಬೇರೆ ಊರಿನ ಮುಖ ಕಂಡಿರಲಿಲ್ಲ. ಅದರ ಯಜಮಾನ ಮಾತ್ರ ದಿನವೂ ಊಟವಾದ ಮೇಲೆ ಸೋಫಾದಲ್ಲಿ ಕಾಲು ಚಾಚಿ ಲಡಾಖ್, ಸ್ಪಿತಿ, ತವಾಂಗ್ ಎಲ್ಲ ಸುತ್ತಿ ನಿದ್ದೆಯ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದ. ಮೊಬೈಲಿನಲ್ಲಿ ವಿಡಿಯೋ ನೋಡುವುದಕ್ಕೆ ಪೆಟ್ರೋಲು ಬೇಕಾಗುವುದಿಲ್ಲ.

ಮೈಸೂರಿನಿಂದ ಬಂದ ಅಂಬರೀಶನಿಗೆ ಈಗ ನಲವತ್ತೇಳು. ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಬೇರೆಯವರ ಅಪಘಾತಗಳನ್ನು ಓದಿಕೊಂಡು ಬಂದಿದ್ದ. ಇಂಥವನ ತಲೆಯೊಳಗೆ ಗಡ್ಡದವನೊಬ್ಬ ಹೊಕ್ಕುಬಿಟ್ಟ. ವಿಡಿಯೋದ ಆ ಗಡ್ಡದವನು ಒಬ್ಬನೇ ಬೆಟ್ಟ ಹತ್ತಿ, ಒಬ್ಬನೇ ಟೆಂಟು ಹಾಕಿ, ಒಬ್ಬನೇ ನೂಡಲ್ಸ್ ಬೇಯಿಸಿ ತಿಂದು, ಕೊನೆಗೆ ಕ್ಯಾಮೆರಾ ಕಡೆ ತಿರುಗಿ, ‘ಒಂಟಿಯಾಗಿ ಹೊರಟವನ ಜೊತೆ ಮಾತ್ರ ರಸ್ತೆ ಮಾತಾಡುತ್ತದೆ’ ಎಂದಿದ್ದ. ಹಾಗೆ ನೋಡಿದರೆ ಆಫೀಸಿನ ದಾರಿಯ ಗುಂಡಿಬಿದ್ದ ಕಲ್ಯಾಣ–ಶಿಳ್ ರಸ್ತೆ ಅಂಬರೀಶನ ಸೊಂಟದ ಜೊತೆ ಎರಡು ವರ್ಷದಿಂದ ಮಾತಾಡುತ್ತಲೇ ಇತ್ತು. ಅದು ಅವನಿಗೆ ಸಾಲಲಿಲ್ಲ. ಮಾರನೆಯ ದಿನವೇ ಆಫೀಸಿನ ಕ್ಯಾಂಟೀನಿನಲ್ಲಿ, ‘ನಾನು ಬೇಸಿಕಲಿ ಸೋಲೋ ಟೂರರ್’ ಎಂದು ಘೋಷಿಸಿಬಿಟ್ಟ. ಟೂರ್ ಇನ್ನೂ ಆಗಿರಲಿಲ್ಲ ಎಂಬುದು ಸಣ್ಣ ವಿಷಯ.

ಯಾಕೆ ಆಗಿರಲಿಲ್ಲವೆಂದರೆ, ಸಾಮಾನು ಆರಿಸಿ ಮುಗಿದಿರಲಿಲ್ಲ. ಬೈಕಿಗೆ ಏನೇನು ಹಾಕಬೇಕು ಎಂಬುದರಲ್ಲಿ ಅಂಬರೀಶನದೊಂದು ಸಿದ್ಧಾಂತವಿತ್ತು. ಹಾಕಿದ್ದೆಲ್ಲವೂ ಬಿಚ್ಚುವಂತಿರಬೇಕು. ವಾರದ ದಿನಗಳಲ್ಲಿ ಗುಮಾಸ್ತನ ಬೈಕು, ಭಾನುವಾರ ಸಾಹಸಿಯ ಬೈಕು. ಎದುರಿನ ಗಾಳಿಗಾಜು ಸೋಮವಾರ ಬೆಳಗ್ಗೆ ಕಳಚಿ ಬರಬೇಕು. ಪಕ್ಕದ ಚೀಲಗಳು ಒಂದು ಗುಂಡಿ ಒತ್ತಿದರೆ ಕೈಗೆ ಬರಬೇಕು. ಹಿಂದಿನ ಸೀಟು ತೆಗೆದರೆ ಅಲ್ಲಿ ಲಗೇಜಿನ ಕ್ಯಾರಿಯರ್ ಕೂರಬೇಕು. ಸ್ಪ್ಯಾನರ್ ಮುಟ್ಟಬಾರದು. ಇದಕ್ಕಾಗಿ ಅವನು ಹನ್ನೊಂದು ಬಗೆಯ ಗಾಜು, ಹದಿನಾಲ್ಕು ಬಗೆಯ ಚೀಲ, ಒಂಬತ್ತು ಬಗೆಯ ಸೀಟುಗಳನ್ನು ಆಫೀಸಿನ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಅಂಕ ಕೊಟ್ಟಿದ್ದ. ಮೂರು ತಿಂಗಳಾದರೂ ಯಾವುದೂ ಪಾಸಾಗಿರಲಿಲ್ಲ.

‘ಒಂದು ಸಲ ಹೋಗಿ ಬನ್ನಿ. ಏನು ಬೇಕು ಅಂತ ಆಮೇಲೆ ಗೊತ್ತಾಗುತ್ತೆ’ ಎಂದಳು ಹೆಂಡತಿ ಪದ್ಮಾವತಿ. ಅವಳು ಡೊಂಬಿವಲಿಯ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುವವಳು.

‘ಅದು ಅನುಭವ ಇಲ್ಲದವರ ಮಾತು’ ಎಂದ, ಅನುಭವವಿಲ್ಲದ ಅಂಬರೀಶ.

ಕೊನೆಗೆ ಅವನಿಗೆ ಸಿಕ್ಕಿದವನು ಕಲ್ಯಾಣದ ಜಟ್ಟೆಪ್ಪ. ವಿಜಯಪುರದ ಕಡೆಯವನು, ಹಮಾಲಿ ಮಾಡಲು ಬಂದು, ಗ್ಯಾರೇಜು ಸೇರಿ, ಈಗ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ತನ್ನದೇ ಬೈಕ್ ಸಾಮಾನಿನ ಅಂಗಡಿ ಇಟ್ಟಿದ್ದ. ಅಂಬರೀಶನ ಸಿದ್ಧಾಂತವನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವನೇ. ಕೇಳಿ, ‘ಸರ, ದಿನಾ ಬಿಚ್ಚಿ ದಿನಾ ಹಾಕಿದ್ರ ಕೀಲು ಸವೀತಾವ್ರಿ. ಬೈಕಿಂದಾಗ್ಲಿ, ಮನಶ್ಯಾಂದಾಗ್ಲಿ’ ಎಂದಿದ್ದ. ಆದರೂ ವಾರಕ್ಕೊಂದು ಹೊಸ ಮಾಲಿನ ಫೋಟೋ ಕಳಿಸುವುದನ್ನು ಬಿಟ್ಟಿರಲಿಲ್ಲ.

ಡಿಸೆಂಬರಿನ ಒಂದು ಶನಿವಾರ ಬೆಳಗ್ಗೆ ಅಂಬರೀಶ ತನ್ನ ಮನೆಯ ಬಾಲ್ಕನಿಯಲ್ಲಿ ನಿಂತು ಜಟ್ಟೆಪ್ಪನಿಗೆ ಫೋನು ಮಾಡಿ ಅಂತಿಮ ತೀರ್ಮಾನ ತಿಳಿಸಿದ. ಎಂಐಡಿಸಿ ಬಡಾವಣೆಯ ಆ ಸುಯೋಗ್ ಸೊಸೈಟಿಯಲ್ಲಿ ಎಲ್ಲರೂ ಮರಾಠಿಯವರು, ಕನ್ನಡದಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದರೂ ನಡೆಯುತ್ತದೆ ಎಂಬುದು ಅವನ ನಂಬಿಕೆ. ಮೇಲಿನ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಗೃಹಿಣಿ ಜಯಶೀಲ ಮಂಗಳೂರಿನವರು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಜಟ್ಟೆಪ್ಪನ ಮಾತು ಜಯಶೀಲರಿಗೆ ಕೇಳಿಸುವಂತಿರಲಿಲ್ಲ. ಕೇಳಿಸಿದ್ದು ಇಷ್ಟು:

‘ಆಯ್ತು ಜಟ್ಟೆಪ್ಪ, ತೀರ್ಮಾನ ಮಾಡಿಬಿಟ್ಟೆ. ಇನ್ಮೇಲೆ ಸೋಲೋ. ಹಿಂದೆ ಭಾರ ಹೊತ್ಕೊಂಡು ಓಡಾಡೋದು ಸಾಕಾಗಿದೆ... ಇಲ್ಲಪ್ಪ, ಪೂರ್ತಿ ಬಿಟ್ಟುಬಿಡೋಕಾಗುತ್ತಾ? ಬೇಕು ಅಂದಾಗ ಜೊತೆಗಿರಬೇಕು, ಬೇಡ ಅಂದಾಗ ಎರಡೇ ನಿಮಿಷದಲ್ಲಿ ಬಿಡುಗಡೆ ಆಗಬೇಕು... ಮನೇಲಿನ್ನೂ ಹೇಳಿಲ್ಲ. ಹೇಳೋದೇನು, ಆದ್ಮೇಲೆ ತಾನೇ ಗೊತ್ತಾಗುತ್ತೆ... ಮೇಂಟೆನೆನ್ಸ್ ಏನೂ ಕೊಡೋದು ಬೇಡ ಅಂತೀಯಾ? ಆಹಾ! ಹಾಗಾದ್ರೆ ಇವತ್ತೇ ಮುಗಿಸಿಬಿಡು. ಆ ಹೊಸದರ ಫೋಟೋ ಇನ್ನೊಂದು ಸಲ ಕಳಿಸು. ನಿನ್ನೆ ನೋಡಿದಾಗಿಂದ ಕಣ್ಣಿಗೆ ಕಟ್ಟಿದ ಹಾಗಿದೆ.’

ಜಯಶೀಲರ ಕೈಯಿಂದ ಒದ್ದೆ ಟವಲು ಜಾರಿ ಕೆಳಗೆ ಬಿತ್ತು. ಅವರು ಅದನ್ನು ತರಲು ಹೋಗಲಿಲ್ಲ. ಅದಕ್ಕಿಂತ ತುರ್ತಿನ ಕೆಲಸ ಬಂದಿತ್ತು.

ಅದೇ ಮಧ್ಯಾಹ್ನ ಅಂಬರೀಶ ಕಲ್ಯಾಣದಿಂದ ಹಿಂದಿರುಗಿದ. ಬೈಕು ಗುರುತೇ ಸಿಗದಂತಾಗಿತ್ತು. ಮುಂದೆ ಎದೆಯೆತ್ತರದ ಗಾಜು, ಪಕ್ಕಕ್ಕೆ ಕಂದು ಬಣ್ಣದ ಎರಡು ಚೀಲ, ನಡುವೆ ಒಬ್ಬನೇ ಕೂರುವ, ಊಟದ ಮಣೆಯಷ್ಟು ಚಿಕ್ಕದಾದ ಹೊಸ ಸೀಟು, ಅದರ ಹಿಂದೆ ಕಪ್ಪು ಕಬ್ಬಿಣದ ಕ್ಯಾರಿಯರ್. ಸೊಸೈಟಿಯ ಸೆಕ್ರೆಟರಿ ಕರ್ಣಿಕ್ ಕಾಕಾ ಪಾರ್ಕಿಂಗಿನಲ್ಲೇ ಕಾದಿದ್ದರು. ಎಪ್ಪತ್ತೆರಡರ ವಿಧುರ, ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಯಾರನ್ನು ಕಂಡರೂ ಟಿಕೆಟಿಲ್ಲದವನನ್ನು ನೋಡುವಂತೆಯೇ ನೋಡುತ್ತಿದ್ದರು. ಅವರು ಬೈಕನ್ನು ಒಂದು ಸುತ್ತು ಹಾಕಿ, ಸೀಟಿಲ್ಲದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ ಮರಾಠಿಯಲ್ಲಿ ಕೇಳಿದರು.

‘ಹಾಗಾದರೆ ವಹಿನಿ?’ ವಹಿನಿ ಎಂದರೆ ಅತ್ತಿಗೆ, ಅಂದರೆ ಪದ್ಮಾವತಿ.

‘ವಹಿನಿದು ತೆಗೆದಿಟ್ಟಿದೀನಿ ಕಾಕಾ’ ಎಂದ ಅಂಬರೀಶ ಹೆಮ್ಮೆಯಿಂದ. ‘ಈಗ ಎಷ್ಟು ಹಗುರ ಆಯ್ತು ಗೊತ್ತಾ!’

ಕಾಕಾ ಲಿಫ್ಟಿನ ಕಡೆ ನಡೆದರು.

ಮಾರನೆಯ ದಿನದಿಂದ ಪದ್ಮಾವತಿಯ ಮನೆಗೆ ತಿಂಡಿಯ ಡಬ್ಬಿಗಳು ಬರತೊಡಗಿದವು. ಮೊದಲು ಜಯಶೀಲರ ನೀರುದೋಸೆ, ಬಳಿಕ ಎದುರುಮನೆಯ ಪೂರಣಪೋಳಿ, ಅದಾದ ಮೇಲೆ ಕೆಳಗಿನ ಮನೆಯ ಸಾಬುದಾಣೆ ಖಿಚಡಿ. ಕೊಟ್ಟವರೆಲ್ಲ ಅವಳ ಕೈ ಹಿಡಿದು ಒಂದು ಗಳಿಗೆ ಹೆಚ್ಚಿಗೆಯೇ ನಿಲ್ಲುತ್ತಿದ್ದರು. ಸಂಕ್ರಾಂತಿ ಇನ್ನೂ ದೂರವಿರುವಾಗ ಇಷ್ಟು ಪ್ರೀತಿ ಎಲ್ಲಿಂದ ಬಂತೆಂದು ಪದ್ಮಾವತಿಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಅವಳು ಅರ್ಜಿ ಮೇಲೆ ಅರ್ಜಿ ಕೊಟ್ಟರೂ ಯಾರೂ ತಿರುಗಿ ನೋಡದಿದ್ದ ಬಚ್ಚಲುಮನೆಯ ಗೋಡೆಯ ಸೋರಿಕೆ ನೋಡಲು ಸೋಮವಾರ ಬೆಳಗ್ಗೆ ಪ್ಲಂಬರನ ಜೊತೆ ಖುದ್ದು ಕರ್ಣಿಕ್ ಕಾಕಾ ಬಂದರು. ‘ನೀವು ಚಿಂತೆ ಮಾಡಬೇಡಿ. ಸೊಸೈಟಿ ನಿಮ್ಮ ಬೆನ್ನಿಗಿದೆ’ ಎಂದರು. ಸೋರುವ ಗೋಡೆಗೆ ಇಷ್ಟು ಗಂಭೀರ ಭಾಷಣವೇ ಎಂದು ಪದ್ಮಾವತಿ ಬೆರಗಾದಳು.

ಕಾರಣ ತಿಳಿಸಿದವರು ಜಯಶೀಲರೇ. ಮಂಗಳವಾರ ಸಂಜೆ ಬಂದು ಬಾಗಿಲು ಹಾಕಿ, ದನಿ ತಗ್ಗಿಸಿದರು.

‘ಪದ್ಮಕ್ಕ, ನೀವು ಎಂತದಕ್ಕೂ ಸಹಿ ಹಾಕ್ಬೇಡಿ ಆಯ್ತಾ? ಮೇಂಟೆನೆನ್ಸ್ ಸಹ, ಅದೇ ಜೀವನಾಂಶ, ಕೊಡುದಿಲ್ಲ ಅಂತ ಅವ್ರು ಫೋನಲ್ಲಿ ಹೇಳಿದ್ದು ನಾನೇ ಈ ಕಿವಿಯಲ್ಲಿ ಕೇಳಿದ್ದೇನೆ ಮಾರಾಯ್ರೆ. ಕಲ್ಯಾಣದ್ದಂತೆ. ಫೋಟೋ ಸಹ ತರಿಸಿ ಆಗಿದೆ.’

ಪದ್ಮಾವತಿ ಮೂರು ಸಲ ಕೇಳಿದ ಮೇಲೆ ವಿಷಯ ತಿಳಿಯಿತು. ನಗು ಹೊಟ್ಟೆಯಿಂದ ಹೊರಟು ಗಂಟಲಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಬಚ್ಚಲಿನಿಂದ ಪ್ಲಂಬರ್, ‘ಭಾಭೀ, ಇನ್ನೆರಡು ದಿನದ ಕೆಲಸ ಇದೆ’ ಎಂದು ಕೂಗಿದ. ಗಣಿತದ ಮೇಡಂ ಒಂದು ಲೆಕ್ಕ ಹಾಕಿ ನಗುವನ್ನು ನುಂಗಿಕೊಂಡಳು. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದಕ್ಕೆ ಕಾರಣ ಆ ನಗುವೇ. ಜಯಶೀಲ ಅದನ್ನು ಬೇರೆಯಾಗಿ ತಿಳಿದರು.

ಆದರೆ ಜಯಶೀಲ ಹೋದ ಮೇಲೆ ಪದ್ಮಾವತಿ ಕೆಳಗಿಳಿದು ಪಾರ್ಕಿಂಗಿಗೆ ಹೋದಳು. ಹೊಸ ವೇಷದ ಬೈಕನ್ನು ಅವಳು ಇನ್ನೂ ನೋಡಿರಲೇ ಇಲ್ಲ. ಇಡೀ ಸೊಸೈಟಿ ನೋಡಿಯಾಗಿತ್ತು. ತಾನು ಕೂರುತ್ತಿದ್ದ ಜಾಗದಲ್ಲಿ ಕಬ್ಬಿಣದ ಸರಳುಗಳಿದ್ದವು. ಮೇಲೆ ಬಂದಾಗ ಮುಖದಲ್ಲಿ ನಗುವಿರಲಿಲ್ಲ.

‘ರೀ, ನಾನೆಲ್ಲಿ ಕೂತ್ಕೊಳ್ಳೋದು?’

‘ಎಲ್ಲಿ?’

‘ಬೈಕಲ್ಲಿ.’

‘ಓ, ನಿನ್ನ ಸೀಟಾ? ಮಂಚದ ಕೆಳಗಿದೆ’ ಎಂದ ಅಂಬರೀಶ, ಇಂಥ ಪ್ರಶ್ನೆಗೆ ಇದಕ್ಕಿಂತ ಸಮಾಧಾನದ ಉತ್ತರವಿಲ್ಲವೆಂಬ ನಂಬಿಕೆಯಿಂದ. ‘ಪ್ಲಾಸ್ಟಿಕ್ ಕವರ್ ಹಾಕಿ ಭದ್ರವಾಗಿಟ್ಟಿದೀನಿ. ಧೂಳು ಹಿಡಿಯಲ್ಲ.’

‘ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗೋದಾ?’

‘ಅಲ್ವೇ, ಅದು ಬರೀ ಒಂದು ಆಕ್ಸೆಸರಿ!’

ಪದ್ಮಾವತಿ ಒಳಗೆ ಹೋಗಿ ಉತ್ತರಪತ್ರಿಕೆ ತಿದ್ದಲು ಕೂತಳು. ಆ ಸಂಜೆ ಡೊಂಬಿವಲಿಯ ಹನ್ನೆರಡು ಮಕ್ಕಳು ಗಣಿತದಲ್ಲಿ ಫೇಲಾದರು.

ಇಲ್ಲಿಗೆ ನಿಂತಿದ್ದರೆ ಗಂಡಹೆಂಡಿರೇ ಹೇಗೋ ಸರಿಮಾಡಿಕೊಳ್ಳುತ್ತಿದ್ದರು. ಆದರೆ ಜಯಶೀಲರು ಪದ್ಮಾವತಿಯ ಸೋದರಮಾವ ಗುಂಡಣ್ಣನವರಿಗೆ ಫೋನು ಮಾಡಿಯಾಗಿತ್ತು. ಗುಂಡಣ್ಣನವರ ವಾಸ ಠಾಣೆಯ ಘೋಡಬಂದರ್ ರಸ್ತೆಯ ಇಪ್ಪತ್ಮೂರನೆಯ ಮಹಡಿಯಲ್ಲಿ. ಕನ್ನಡ ಸಂಘದ ಮಾಜಿ ಅಧ್ಯಕ್ಷರು. ಮೂವತ್ತು ವರ್ಷದಲ್ಲಿ ನಲವತ್ತೊಂದು ಸಂಸಾರಗಳನ್ನು ಜೋಡಿಸಿದ್ದೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕೆಲವು ಸಂಸಾರಗಳು ಅವರು ಬರುವ ತನಕ ಚೆನ್ನಾಗಿಯೇ ಇದ್ದವು ಎನ್ನುವವರೂ ಇದ್ದರು. ಗುರುವಾರ ಸಂಜೆ ಎರಡೂವರೆ ತಾಸು ಟ್ರಾಫಿಕ್ಕಿನಲ್ಲಿ ಬೆಂದು ಅವರು ಡೊಂಬಿವಲಿ ಮುಟ್ಟಿದರು. ಬಲಗಡೆ ಕರ್ಣಿಕ್ ಕಾಕಾ, ಎಡಗಡೆ ಜಯಶೀಲ. ನಡುವೆ ಸೋಫಾದಲ್ಲಿ ಅಂಬರೀಶ. ಪದ್ಮಾವತಿ ಕಾಫಿ ತಂದಿಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಹತ್ತೊಂಬತ್ತರ ಮಗಳು ದಿಶಾ ಕಿವಿಗೆ ಹಾಕಿದ್ದ ಇಯರ್‌ಫೋನು ತೆಗೆದಿಟ್ಟಳು. ಆ ಮನೆಯಲ್ಲಿ ಅದೇ ದೊಡ್ಡ ಘಟನೆ.

ಗುಂಡಣ್ಣನವರದು ಮರ್ಯಾದೆಯ ಬಾಯಿ. ಅವರು ಯಾವುದನ್ನೂ ನೇರವಾಗಿ ಹೆಸರಿಸುವವರಲ್ಲ.

‘ಅಂಬರೀಶ, ಮುಚ್ಚುಮರೆ ಬೇಡಪ್ಪ. ಆ ಹೊಸ ವಿಚಾರ... ಎಲ್ಲಿ ಪರಿಚಯ ಆಯಿತು?’

ತನ್ನ ಬೈಕಿನ ಬಗ್ಗೆ ಯಾರಾದರೂ ಕೇಳಲಿ ಎಂದು ಮೂರು ತಿಂಗಳಿಂದ ಕಾದಿದ್ದ ಅಂಬರೀಶನ ಮುಖ ಅರಳಿತು. ‘ಕಲ್ಯಾಣದಲ್ಲಿ ಮಾಮ! ಜಟ್ಟೆಪ್ಪ ಅಂತ ಒಬ್ಬ ಇದಾನೆ, ಅವನೇ ತೋರಿಸಿದ್ದು.’

‘ಮಧ್ಯಸ್ಥ ಬೇರೆ ಇದ್ದಾನೆ’ ಎಂದು ಗುಂಡಣ್ಣನವರು ಕಾಕಾರಿಗೆ ಹಿಂದಿಯಲ್ಲಿ ತಿಳಿಸಿದರು.

‘ಮೊದಲು ನಾಲ್ಕೈದು ನೋಡಿದೆ. ಒಂದು ತುಂಬಾ ಗಟ್ಟಿ. ಇನ್ನೊಂದು ನೋಡೋಕೆ ಚೆನ್ನಾಗಿತ್ತು, ಬಾಳಿಕೆ ಬರಲ್ಲ ಅಂದ. ಇದು ಮಾತ್ರ ನನಗೇ ಅಂತ ಮಾಡಿಸಿದ ಹಾಗಿದೆ ಮಾಮ.’

‘ನಾಲ್ಕೈದು!’ ಎಂದರು ಜಯಶೀಲ.

‘ಮತ್ತೆ ಸರಿಹೋಗದಿದ್ದರೆ?’ ಎಂದರು ಗುಂಡಣ್ಣನವರು.

‘ಏಳು ದಿನದ ಒಳಗೆ ವಾಪಸ್ ಕೊಡಬಹುದು. ಗೀರು ಬಿದ್ದಿರಬಾರದು ಅಷ್ಟೇ.’

ಗುಂಡಣ್ಣನವರು ಕಾಫಿ ಲೋಟ ಕೆಳಗಿಟ್ಟರು. ನಲವತ್ತೊಂದು ಸಂಸಾರಗಳಲ್ಲಿ ಇಂಥ ಮಾತು ಕೇಳಿರಲಿಲ್ಲ. ‘ಥೂ! ಮನೆಯಲ್ಲಿ ಬೆಳೆದ ಮಗಳನ್ನ ಕೂರಿಸಿಕೊಂಡು ಆಡೋ ಮಾತೇನೋ ಇದು? ಆ ಕಲ್ಯಾಣದ್ದಕ್ಕೂ ಒಂದು ಹೆಸರಿಲ್ಲವೇ?’

‘ಹೆಸರಾ? ಡಬಲ್ ಎಕ್ಸ್ ಕಂಫರ್ಟ್ ಅಂತ ಬರೆದಿದೆ ಮಾಮ.’

ದಿಶಾ ನೆಲದ ಮೇಲೆ ಕುಸಿದು ಕೂತು, ‘ನಾನಾಜೀ, ಪಪ್ಪಾ ಸೀಟ್ ಕೀ ಬಾತ್ ಕರ್ ರಹೇ ಹೈಂ! ಬೈಕ್ ಕೀ ಸೀಟ್!’ ಎಂದು ಹಿಂದಿಯಲ್ಲಿ ಕೂಗಿದಳು. ಪಪ್ಪ ಹೇಳುತ್ತಿದ್ದದ್ದು ಬೈಕಿನ ಸೀಟಿನ ಮಾತು. ನಗುವಿನಲ್ಲಿ ಉಳಿದದ್ದು ಕೇಳಿಸಲಿಲ್ಲ.

ವಿಷಯ ಬಿಡಿಸಿ ಹೇಳಲು ಕಾಲುಗಂಟೆ ಬೇಕಾಯಿತು. ಮಂಚದ ಕೆಳಗಿನ ಸೀಟನ್ನು ತಂದು ಟೀಪಾಯಿ ಮೇಲೆ ಇಡಲಾಯಿತು. ಕರ್ಣಿಕ್ ಕಾಕಾ ಅದನ್ನು ತಿರುವಿ ನೋಡಿ ಪರೀಕ್ಷಿಸಿದರು. ಜಯಶೀಲ, ‘ಹಾಗಾದ್ರೆ ಆ ಮೇಂಟೆನೆನ್ಸ್?’ ಎಂದರು. ‘ಚರ್ಮಕ್ಕೆ ಪಾಲಿಶ್ ಹಾಕೋದು ಬೇಡ ಅಂದ ಜಟ್ಟೆಪ್ಪ’ ಎಂದ ಅಂಬರೀಶ. ‘ನಿಮಗೆ ಮೊದಲೇ ಗೊತ್ತಿತ್ತಾ ಪದ್ಮಕ್ಕ?’ ಎಂಬ ಪ್ರಶ್ನೆಗೆ ಪದ್ಮಾವತಿ, ‘ಬಚ್ಚಲ ಕೆಲಸ ಇವತ್ತೇ ಮುಗೀತು’ ಎಂದಷ್ಟೇ ಹೇಳಿದಳು.

ಎಲ್ಲ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಘೋಡಬಂದರ್ ರಸ್ತೆಯಿಂದ ಎರಡೂವರೆ ತಾಸು ಬಂದ ಮನುಷ್ಯ ಬರಿಗೈಯಲ್ಲಿ ಹೋಗುವುದು ಹೇಗೆ? ಜಗಳವೇ ಇಲ್ಲ ಎನ್ನುವುದನ್ನು ಗುಂಡಣ್ಣನವರು ಒಪ್ಪಲಿಲ್ಲ. ‘ಜಗಳ ಗೊತ್ತಾಗದೆ ಇರೋದೇ ಅಪಾಯ. ಹೆಂಡತಿಯ ಜಾಗ ಕಿತ್ತು ಮಂಚದ ಕೆಳಗೆ ಹಾಕಿದ್ದು ನಿಜ ತಾನೇ?’ ಎಂದರು. ಅದು ನಿಜವಾಗಿತ್ತು. ಆದ್ದರಿಂದ ಸಂಧಾನವಾಯಿತು. ಸೀಟನ್ನು ಮತ್ತೆ ಬೈಕಿಗೆ ಹಾಕುವುದು; ಭಾನುವಾರ ಬೆಳಗ್ಗೆ ಗಂಡಹೆಂಡತಿ ಸೊಸೈಟಿಯ ಗೇಟಿನಿಂದ ಎಲ್ಲರ ಎದುರು ಒಟ್ಟಿಗೆ ಪ್ರವಾಸ ಹೊರಡುವುದು. ಕಾಕಾ ಅದನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೆ ನೋಟೀಸಾಗಿ ಹಾಕಿದರು.

ಎಲ್ಲರೂ ಹೋದ ಮೇಲೆ ಅಂಬರೀಶ ಮುದುಡಿ ಕೂತಿದ್ದ. ಮೂರು ತಿಂಗಳ ತಪಸ್ಸು ಒಂದು ಲೋಟ ಕಾಫಿಯಲ್ಲಿ ಕರಗಿತ್ತು. ಪದ್ಮಾವತಿ ಎದುರಿಗೆ ಬಂದು ಕೂತಳು.

‘ನಿಜವಾಗಲೂ ಒಬ್ಬರೇ ಹೋಗಬೇಕು ಅಂತಿದೆಯಾ?’

‘ಒಂದೇ ಒಂದು ಸಲ ಕಣೆ. ಮಾಳಶೇಜ್ ಘಾಟಿನ ತನಕ.’

‘ನನಗೂ ಇದೆ.’

‘ಏನು?’

‘ಒಬ್ಬಳೇ ಹೋಗಬೇಕು ಅಂತ. ಮದುವೆಯಾದಾಗಿಂದ ಒಂದು ದಿನಾನೂ ಹೋಗಿಲ್ಲ. ನಿಮಗಾದರೂ ಆಫೀಸಿನ ದಾರಿ ಇದೆ. ಭಾನುವಾರ ನನ್ನನ್ನ ಕಲ್ಯಾಣ ಸ್ಟೇಷನ್ನಿನಲ್ಲಿ ಇಳಿಸಿ. ನೀವು ನಿಮ್ಮ ದಾರಿ ಹಿಡೀರಿ, ನಾನು ನನ್ನ ದಾರಿ. ಸಂಜೆ ಆರಕ್ಕೆ ಮನೆ.’

‘ನೀನು ಎಲ್ಲಿಗೆ ಹೋಗ್ತೀಯಾ?’

‘ಹೇಳಿಬಿಟ್ಟರೆ ಸೋಲೋ ಹೇಗಾಗುತ್ತೆ?’ ಎಂದಳು ಪದ್ಮಾವತಿ.

ಭಾನುವಾರ ಬೆಳಗ್ಗೆ ಏಳಕ್ಕೆ ಸುಯೋಗ್ ಸೊಸೈಟಿಯ ಗೇಟಿನಲ್ಲಿ ಮದುವೆಮನೆಯ ಸಂಭ್ರಮ. ಕಾಕಾ ಚಕ್ರದ ಮುಂದೆ ತೆಂಗಿನಕಾಯಿ ಒಡೆದರು. ಜಯಶೀಲರು ಇಬ್ಬರಿಗೂ ಸೇರಿಸಿ ಒಂದೇ ಡಬ್ಬಿಯಲ್ಲಿ ತಿಂಡಿ ಕೊಟ್ಟರು. ಬೇಕೆಂದೇ ಒಂದೇ ಡಬ್ಬಿ. ಪದ್ಮಾವತಿ ದಿಶಾಳ ನೇರಳೆ ಬಣ್ಣದ, ಹೂವಿನ ಚಿತ್ರದ ಹೆಲ್ಮೆಟ್ ಹಾಕಿ, ಹಿಂದಿನ ಸೀಟಿನಲ್ಲಿ ಕೂತು ಗಂಡನ ಭುಜ ಹಿಡಿದಳು. ಚಪ್ಪಾಳೆ ಬಿತ್ತು.

ಕಲ್ಯಾಣ ಸ್ಟೇಷನ್ನಿನ ಹೊರಗೆ ಪದ್ಮಾವತಿ ಇಳಿದು ಹೆಲ್ಮೆಟನ್ನೂ ತಿಂಡಿಯ ಡಬ್ಬಿಯನ್ನೂ ಅವನ ಕೈಗೆ ಕೊಟ್ಟು, ಚೀಲ ಹೆಗಲಿಗೇರಿಸಿ, ಮೆಟ್ಟಿಲು ಹತ್ತಿ ಹೊರಟುಹೋದಳು. ತಿರುಗಿ ನೋಡಲಿಲ್ಲ. ರೈಲು ಹಿಡಿಯುವ ಅವಸರದಲ್ಲಿ ಕಲ್ಯಾಣದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅಂಬರೀಶ ಎರಡು ನಿಮಿಷದಲ್ಲಿ ಬಿಡುಗಡೆಯಾಗಬೇಕಾಗಿದ್ದ ಸೀಟನ್ನು ಬಿಚ್ಚಲು ಕೂತ. ಅದು ಬರಲಿಲ್ಲ. ಗುಂಡಿ ಒತ್ತಿದ, ಎಳೆದ, ಬೇಡಿಕೊಂಡ. ಕೊನೆಗೆ ಒಬ್ಬ ರಿಕ್ಷಾದವನು ಬಂದು ಕಾಲು ಕೊಟ್ಟು ಒದ್ದಾಗ ಕಳಚಿತು. ಚೀಲದಲ್ಲಿದ್ದ ಕ್ಯಾರಿಯರನ್ನು ಆ ಜಾಗದಲ್ಲಿ ಕೂರಿಸಿ, ಸೀಟನ್ನು ಪಕ್ಕದ ಚೀಲಕ್ಕೆ ತುರುಕಿದ. ಅರ್ಧ ಸೀಟು ಹೊರಗೆ ಇಣುಕುತ್ತಿತ್ತು.

ಈ ದೃಶ್ಯವನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಎರಡು ಕಟ್ಟು ಮೆಂತ್ಯೆಸೊಪ್ಪು ಹಿಡಿದು ಕರ್ಣಿಕ್ ಕಾಕಾ ನೋಡುತ್ತಿದ್ದರು. ಭಾನುವಾರದ ತರಕಾರಿಗೆ ಅವರು ಕಲ್ಯಾಣದ ಮಾರ್ಕೆಟ್ಟಿಗೇ ಬರುತ್ತಿದ್ದರು; ಬೈಕು ಪೆಟ್ರೋಲಿನ ಸಾಲಿನಲ್ಲಿ ನಿಂತಿದ್ದಾಗ ಅವರ ಲೋಕಲ್ ರೈಲು ಮುಂದಾಗಿತ್ತು. ಒಬ್ಬಳೇ ಹೋಗುತ್ತಿರುವ ವಹಿನಿಯ ಬೆನ್ನು ಒಂದು ಫೋಟೋ, ಸೀಟನ್ನು ಒದೆಸುತ್ತಿರುವ ಅಂಬರೀಶ ಇನ್ನೊಂದು ಫೋಟೋ. ಎರಡೂ ಗುಂಪಿಗೆ ಹೋದವು. ಅಡಿಯಲ್ಲಿ ಕಾಕಾ ಬರೆದದ್ದು ಒಂದೇ ಮಾತು: ‘ಕರಾರು ಭಂಗ.’

ಅಂಬರೀಶನ ಫೋನು ಮುರಬಾಡ ದಾಟಿದ ಮೇಲೆ ಸತ್ತಂತಾಯಿತು. ಅವನಿಗೂ ಅದೇ ಬೇಕಾಗಿತ್ತು. ಗಾಳಿ ತಣ್ಣಗಿತ್ತು, ಎರಡೂ ಕಡೆ ಒಣಗಿದ ಹುಲ್ಲು ಹೊಳೆಯುತ್ತಿತ್ತು, ಎದುರಿಗೆ ಬೆಟ್ಟದ ಗೋಡೆ ನಿಧಾನವಾಗಿ ಎದ್ದು ಬರುತ್ತಿತ್ತು. ಗಾಳಿಗಾಜು ಸ್ವಲ್ಪ ಗಡಗಡ ಎನ್ನುತ್ತಿತ್ತು. ಅಂಬರೀಶ ಹೆಲ್ಮೆಟ್ಟಿನೊಳಗೆ ಹಾಡಿಕೊಂಡ. ರಸ್ತೆ ಇನ್ನೇನು ಮಾತಾಡಬೇಕು ಎನ್ನುವಷ್ಟರಲ್ಲಿ ಘಾಟಿನ ಬುಡದ ಪೊಲೀಸ್ ಚೌಕಿಯಲ್ಲಿ ಒಬ್ಬ ಹವಾಲ್ದಾರ ಕೈ ಅಡ್ಡ ಹಿಡಿದ.

ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಕ್ಲೇಮು ವಿಭಾಗದವನ ಕಾಗದದಲ್ಲಿ ತಪ್ಪು ಸಿಗುವುದಿಲ್ಲ. ಹವಾಲ್ದಾರ ಇನ್ನೇನು ಬಿಡುವವನಿದ್ದ. ಅಷ್ಟರಲ್ಲಿ ಕ್ಯಾರಿಯರ್‌ಗೆ ಕಟ್ಟಿದ್ದ ನೇರಳೆ ಬಣ್ಣದ ಹೂವಿನ ಹೆಲ್ಮೆಟ್ ಕಣ್ಣಿಗೆ ಬಿತ್ತು.

‘ಇದು ಯಾರದು?’

‘ಹೆಂಡತಿಯದು.’

‘ಹೆಂಡತಿ ಎಲ್ಲಿ?’

‘ಕಲ್ಯಾಣದಲ್ಲಿ ಬಿಟ್ಟೆ.’

‘ಈಗ ಎಲ್ಲಿದ್ದಾಳೆ?’

‘ಗೊತ್ತಿಲ್ಲ ಸಾಹೇಬ್’ ಎಂದ ಅಂಬರೀಶ ಪ್ರಾಮಾಣಿಕವಾಗಿ. ‘ಅವಳು ಹೇಳಲಿಲ್ಲ. ಅದೇ ಒಪ್ಪಂದ.’

ಹವಾಲ್ದಾರ ಚೀಲ ತೆರೆಸಿದ. ಒಳಗೆ ಒದೆತದ ಗುರುತಿರುವ ಹಿಂದಿನ ಸೀಟು, ಇಬ್ಬರಿಗಾಗುವಷ್ಟು ತಿಂಡಿ. ಹೆಂಗಸು ಮಾತ್ರ ಇಲ್ಲ. ಅವನು ಅಂಬರೀಶನನ್ನೂ ತಲೆಯ ಮೇಲಿನ ಘಾಟಿನ ಸಾವಿರ ಅಡಿ ಪ್ರಪಾತವನ್ನೂ ಒಮ್ಮೆ ನೋಡಿ, ಬಹಳ ವಿನಯದಿಂದ, ‘ಒಳಗೆ ಬಂದು ಕೂತುಕೊಳ್ಳಿ’ ಎಂದ.

ಚೌಕಿಯ ಫೋನಿನಿಂದ ಪದ್ಮಾವತಿಗೆ ಕರೆ ಹೋಗಲಿಲ್ಲ. ಸಂಪರ್ಕ ಕ್ಷೇತ್ರದ ಹೊರಗಿದ್ದಳು. ಮನೆಗೆ ಮಾಡಿದಾಗ ಎತ್ತಿದವರು, ಗುಂಪಿನಲ್ಲಿ ಫೋಟೋ ನೋಡಿ ದಿಶಾಳ ಹತ್ತಿರ ಓಡಿಬಂದಿದ್ದ ಜಯಶೀಲ. ಹವಾಲ್ದಾರ ಕೇಳಿದ್ದು ಒಂದು ಪ್ರಶ್ನೆ, ಅವರು ಕೊಟ್ಟದ್ದು ಇಪ್ಪತ್ತು ನಿಮಿಷದ ಉತ್ತರ. ಕಲ್ಯಾಣದ ಹೊಸ ವಿಚಾರ, ಏಳು ದಿನದ ವಾಪಸಾತಿ, ಎಲ್ಲ ಅದರಲ್ಲಿ ಬಂತು. ಅದು ಸುಳ್ಳೆಂದು ಗುರುವಾರವೇ ತೀರ್ಮಾನವಾಗಿದ್ದರೂ, ಫೋಟೋ ನೋಡಿದ ಮೇಲೆ ಜಯಶೀಲರಿಗೆ ಮೊದಲಿನ ಕಥೆಯೇ ಹೆಚ್ಚು ಸರಿ ಎನ್ನಿಸಿತ್ತು. ಫೋನಿಟ್ಟ ಹವಾಲ್ದಾರ ಬೈಕಿನ ಕೀಲಿ ತೆಗೆದು ಮೇಜಿನ ಡ್ರಾಯರಿನಲ್ಲಿ ಹಾಕಿದ. ಅಂಬರೀಶ ಮೊದಲ ಬಾರಿಗೆ ಬೆವರಿದ. ಎಷ್ಟೋ ಕ್ಲೇಮುಗಳಲ್ಲಿ ಅವನೇ ಕೆಂಪು ಶಾಯಿಯಲ್ಲಿ ಬರೆದಿದ್ದ ಮಾತು ನೆನಪಾಯಿತು: ‘ಹೇಳಿಕೆ ನಂಬಲರ್ಹವಲ್ಲ.’

ಮಧ್ಯಾಹ್ನ ಎರಡರ ಹೊತ್ತಿಗೆ ಗುಂಡಣ್ಣನವರ ಕಾರು ಬಂದು ನಿಂತಿತು. ಇಳಿದವರು ಗುಂಡಣ್ಣನವರು, ಕರ್ಣಿಕ್ ಕಾಕಾ, ಜಯಶೀಲ, ದಿಶಾ. ಎಲ್ಲರೂ ಒಟ್ಟಿಗೆ, ಮೂರು ಭಾಷೆಗಳಲ್ಲಿ ಮಾತಾಡತೊಡಗಿದರು. ದಿಶಾ ಮಾತ್ರ ಸುಮ್ಮನೆ ಮೂಲೆಯಲ್ಲಿ ನಿಂತು ಅಮ್ಮನ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಅವಳ ಮುಖ ಸಣ್ಣದಾಗಿತ್ತು. ‘ಪಪ್ಪಾ, ಮಮ್ಮಿ ಠೀಕ್ ಹೈ ನಾ?’ ಎಂದು, ಅಮ್ಮನಿಗೆ ಏನೂ ಆಗಿಲ್ಲ ತಾನೇ ಎಂಬಂತೆ ಕೇಳಿದಾಗ ಅಂಬರೀಶನ ಬಾಯಿಂದ ಸೋಲೋ ಎಂಬ ಮಾತು ಹೊರಡಲಿಲ್ಲ.

ಹದಿನೇಳನೆಯ ಸಲ ಒತ್ತಿದಾಗ ಫೋನು ಹೋಯಿತು. ದಿಶಾ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಮೊದಲು ಕೇಳಿಸಿದ್ದು ಕುದುರೆಯ ಕೆನೆತ.

‘ಮಮ್ಮಿ! ಕಹಾಂ ಹೋ?’

‘ಮಾಥೇರಾನ್‌ನಲ್ಲಿದೀನಿ ಕಣೇ. ನೇರಳ್‌ನಿಂದ ಆ ಪುಟ್ಟ ರೈಲಲ್ಲಿ ಬಂದೆ, ಕಿಟಕಿ ಸೀಟೇ ಸಿಕ್ತು! ಇಲ್ಲಿ ಮೋಟಾರು ಗಾಡಿ ಒಳಗೇ ಬಿಡಲ್ಲ ಗೊತ್ತಾ? ಎಷ್ಟು ನೆಮ್ಮದಿ. ಕೋತಿ ಒಂದು ನನ್ನ ಪೇರಲೆಹಣ್ಣು ಕಿತ್ಕೊಂಡು ಹೋಯ್ತು. ಏನಾಯ್ತು, ಯಾಕೆ ಅಳ್ತಿದೀ?’

ಹವಾಲ್ದಾರ ಫೋನು ತೆಗೆದುಕೊಂಡು, ಗಂಡನೆಂದು ಹೇಳಿಕೊಳ್ಳುವ ಒಬ್ಬ ವ್ಯಕ್ತಿ ಇಲ್ಲಿದ್ದಾನೆ, ನಿಮ್ಮವರೇ ಹೌದೇ ಎಂದು ಕೇಳಿದ. ಪದ್ಮಾವತಿ ಪೂರ್ತಿ ವಿಷಯ ಕೇಳಿಸಿಕೊಂಡಳು.

‘ಹೌದು ಸಾಹೇಬ್, ನಮ್ಮವರೇ. ಬಿಟ್ಟುಬಿಡಿ. ಸಾಮಾನು ಆರಿಸೋಕೆ ಮೂರು ತಿಂಗಳು ತಗೊಳ್ಳೋ ಮನುಷ್ಯ, ಅಂಥ ಕೆಲಸ ಎಲ್ಲ ಮಾಡೋಕಾಗಲ್ಲ’ ಎಂದಳು.

ಹವಾಲ್ದಾರನಿಗೆ ಅದು ಬಲವಾದ ಸಾಕ್ಷ್ಯವೆನಿಸಿತು. ಕೀಲಿ ವಾಪಸು ಕೊಟ್ಟ. ಜಯಶೀಲರು ತಾವೇ ಕಟ್ಟಿಕೊಟ್ಟಿದ್ದ ಡಬ್ಬಿ ತೆರೆದು ಎಲ್ಲರಿಗೂ ಹಂಚಿದರು, ಹವಾಲ್ದಾರನಿಗೂ ಸೇರಿಸಿ. ಅಂಬರೀಶ ಘಾಟಿನ ಕಡೆ ಆಸೆಯಿಂದ ಒಮ್ಮೆ ನೋಡಿದ. ಗುಂಡಣ್ಣನವರು ಗಂಟಲು ಸರಿಮಾಡಿಕೊಂಡರು. ‘ಹತ್ತುವ ಮಾತು ಬೇಡ. ಒಬ್ಬನೇ ವಾಪಸು ಬರೋದೂ ಬೇಡ. ನಿನ್ನ ಕೈಕಾಲು ನಡುಗ್ತಿದೆ. ಹಿಂದೆ ಒಬ್ಬರು ಇರಲೇಬೇಕು.’ ಗುಂಡಣ್ಣನವರಿಗೆ ಕಾರು ಓಡಿಸಬೇಕು, ಜಯಶೀಲರಿಗೆ ಸೀರೆ, ದಿಶಾಗೆ ಇಂಥ ಅಪ್ಪನ ಹಿಂದೆ ಕೂರಲು ನಾಚಿಕೆ. ಉಳಿದವರು ಕರ್ಣಿಕ್ ಕಾಕಾ.

ಹವಾಲ್ದಾರನೇ ಕೈಹಾಕಿ ಕ್ಯಾರಿಯರ್ ಕಳಚಿ ಸೀಟನ್ನು ಕೂರಿಸಿದ. ಕಾಕಾ ನೇರಳೆ ಬಣ್ಣದ ಹೂವಿನ ಹೆಲ್ಮೆಟ್ ಹಾಕಿಕೊಂಡರು. ಎಪ್ಪತ್ತು ಕಿಲೋಮೀಟರು ಅವರು ಅಂಬರೀಶನ ಸೊಂಟವನ್ನು ಟಿಕೆಟಿಲ್ಲದವನ ಕೊರಳಪಟ್ಟಿ ಹಿಡಿದ ಹಾಗೆ ಹಿಡಿದಿದ್ದರು. ಮೊದಲ ಹತ್ತು ಕಿಲೋಮೀಟರು, ‘ನಿಧಾನ! ನಿಧಾನ!’ ಎಂದರು. ಮುರಬಾಡದಲ್ಲಿ ಒಂದು ಲಾರಿ ಹಿಂದಿಕ್ಕಿದಾಗ, ‘ಬಿಡಬೇಡ ಅವನನ್ನ!’ ಎಂದರು. ಆಮೇಲೆ ಹಾಡತೊಡಗಿದರು. ದಾರಿಯುದ್ದಕ್ಕೂ ತಮ್ಮ ರೈಲ್ವೆ ದಿನಗಳನ್ನು ಒಂದು ಸ್ಟೇಷನ್ನೂ ಬಿಡದೆ ಹೇಳಿದರು. ರಸ್ತೆಗೆ ಏನಾದರೂ ಹೇಳುವುದಿತ್ತೋ ಏನೋ, ಕಾಕಾ ಅವಕಾಶ ಕೊಡಲಿಲ್ಲ.

ಆರು ಗಂಟೆಗೆ ಸರಿಯಾಗಿ ಬೈಕು ಸುಯೋಗ್ ಸೊಸೈಟಿಯ ಗೇಟಿಗೆ ಬಂದಾಗ ಪದ್ಮಾವತಿ ರಿಕ್ಷಾದಿಂದ ಇಳಿಯುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಚಪ್ಪಲಿಯ ತುಂಬ ಮಾಥೇರಾನಿನ ಕೆಮ್ಮಣ್ಣು, ಕೈಯಲ್ಲಿ ಚಿಕ್ಕಿಯ ಪೊಟ್ಟಣ. ಗಂಡನ ಹಿಂದಿನಿಂದ ಹೂವಿನ ಹೆಲ್ಮೆಟ್ ತೆಗೆದು ಇಳಿದ ಕಾಕಾರನ್ನು ನೋಡಿ ಅವಳು ಅಲ್ಲೇ ಗೇಟು ಹಿಡಿದು ನಿಂತಳು. ಎಪ್ಪತ್ತೆರಡರ ಆ ಮುಖದಲ್ಲಿ ಟಿಕೆಟ್ ಕೇಳುವ ಗತ್ತು ಇರಲಿಲ್ಲ. ಕೂದಲು ಕೆದರಿತ್ತು, ಕಣ್ಣು ಮಿನುಗುತ್ತಿತ್ತು.

‘ವಹಿನಿ, ಒಂದು ಮಾತು’ ಎಂದರು ಕಾಕಾ, ಸ್ವಲ್ಪ ಸಂಕೋಚದಿಂದ. ‘ಮುಂದಿನ ಭಾನುವಾರ ನೀವು ಈ ಸೀಟಿನಲ್ಲಿ ಕೂರುತ್ತೀರಾ?’

ಪದ್ಮಾವತಿ ಗಂಡನ ಮುಖ ನೋಡಿದಳು. ಅಂಬರೀಶ ಬೇಡ, ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಅವಳು ಪೊಟ್ಟಣ ಬಿಡಿಸಿ ಕಾಕಾರಿಗೆ ಒಂದು ತುಂಡು ಚಿಕ್ಕಿ ಕೊಟ್ಟು, ಗಂಡನಿಗೂ ಒಂದು ಕೊಟ್ಟು ಹೇಳಿದಳು:

‘ಇಲ್ಲ ಕಾಕಾ, ನೀವು ಕೂತ್ಕೊಳ್ಳಿ. ನಾನು ಅಲಿಬಾಗಿನ ಸಮುದ್ರ ನೋಡೋಕೆ ಹೋಗ್ತಿದೀನಿ.’